ತಂಡ ಕಟ್ಟುವ ಕಾಲ: ರಣಜಿ ಕ್ರಿಕೆಟ್‌ನ ಕರ್ನಾಟಕವೂ ಹಳೆಯ ಚಿತ್ರದುರ್ಗ ಜಿಲ್ಲೆಯೂ

ಕರ್ನಾಟಕದ ಕ್ರಿಕೆಟ್ ಚರಿತ್ರೆಯೆಂದರೆ ಬೆಂಗಳೂರಿನ ಕ್ಲಬ್‌ಗಳ ಚರಿತ್ರೆ ಎಂಬ ಭಾವನೆ ಓದುಗರಲ್ಲಿಯೂ ಬರಹಗಾರರಲ್ಲಿಯೂ ಬಲವಾಗಿ ಬೇರೂರಿದ್ದು, ಅದಕ್ಕೆ ಸಾಕಷ್ಟು ಆಧಾರವೂ ಇದೆ. ಆದರೆ ರಾಜ್ಯ ತಂಡವು ಹದಿನೈದು ವರ್ಷಗಳ ಬರವನ್ನು ಕಳೆದು 2013-14 ಮತ್ತು 2014-15ರಲ್ಲಿ ಬೆನ್ನುಬೆನ್ನಿಗೆ ರಣಜಿ ಟ್ರೋಫಿಯನ್ನು ಗೆದ್ದಾಗ ಅದರ ನಾಯಕರಾಗಿದ್ದ ಆರ್. ವಿನಯ್ ಕುಮಾರ್ ಹುಟ್ಟಿದ್ದು 1984ರಲ್ಲಿ, ದಾವಣಗೆರೆಯಲ್ಲಿ, ಎಂದರೆ ಅಂದಿನ ಚಿತ್ರದುರ್ಗ ಜಿಲ್ಲೆಯಲ್ಲಿ. ದಾವಣಗೆರೆ, ಹರಿಹರ ಮತ್ತು ಜಗಳೂರು ತಾಲ್ಲೂಕುಗಳನ್ನು ಚಿತ್ರದುರ್ಗದಿಂದ ಬೇರ್ಪಡಿಸಿ, ಶಿವಮೊಗ್ಗ ಮತ್ತು ಬಳ್ಳಾರಿ ಜಿಲ್ಲೆಗಳ ಕೆಲವು ಭಾಗಗಳನ್ನು ಸೇರಿಸಿ ಹೊಸ ಜಿಲ್ಲೆಯನ್ನು ರಚಿಸಿದ್ದು 1997ರಲ್ಲಾದುದರಿಂದ, ಆ ನಾಯಕನ ಬಾಲ್ಯಕಾಲದ ಊರಿಗೂ ಹಿರೇಗುಂಟನೂರು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಗೂ ಜಿಲ್ಲಾ ಕೇಂದ್ರ ಒಂದೇ ಆಗಿತ್ತು. ಸೋತು ಚದುರಿದ ತಂಡವೊಂದನ್ನು ಮತ್ತೆ ಕಟ್ಟುವ ಕೆಲಸ ಎಲ್ಲಿಂದ ಆರಂಭವಾಗುತ್ತದೆ, ಮುಂಬರುವ ಋತುವಿನಲ್ಲಿ ಅದು ಏನು ಸಾಧಿಸಬಹುದೆಂಬುದನ್ನು ಯಾವ ಗುರುತುಗಳಿಂದ ತಿಳಿಯಬಹುದು ಎಂಬ ಪ್ರಶ್ನೆಗಳಿಗೆ ಕರ್ನಾಟಕದ ತೊಂಬತ್ತು ವರ್ಷಗಳ ರಣಜಿ ಇತಿಹಾಸವು ಸ್ಪಷ್ಟವಾದ ಉತ್ತರವನ್ನೇ ಕೊಡುತ್ತದೆ, ಮತ್ತು ಆ ಉತ್ತರವು ಪ್ರಸಿದ್ಧ ಆಟಗಾರರ ಹೆಸರುಗಳ ಸುತ್ತ ಮಾತ್ರ ಸುತ್ತುವುದಿಲ್ಲ.

ತಂಡದ ಮರುನಿರ್ಮಾಣವೆಂಬ ಪರಿಕಲ್ಪನೆಯು ಅದರ ಪೂರ್ಣ ವ್ಯವಸ್ಥಿತ ರೂಪದಲ್ಲಿ ಕಾಣಸಿಗುವುದು ಅಮೆರಿಕದ ಬೇಸ್‌ಬಾಲ್‌ನಲ್ಲಿ. ಅಲ್ಲಿನ ವೃತ್ತಿಪರ ತಂಡಗಳು ಪ್ರತಿ ವರ್ಷ ಹೊಸ ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಳ್ಳುವ ಪದ್ಧತಿಯು 1965ರಲ್ಲಿ ಜಾರಿಗೆ ಬಂದು, ಹಿಂದಿನ ಋತುವಿನಲ್ಲಿ ಕಳಪೆಯಾಗಿ ಆಡಿದ ತಂಡಕ್ಕೆ ಆಯ್ಕೆಯ ಮೊದಲ ಅವಕಾಶವನ್ನು ಕೊಡುತ್ತಿದ್ದುದರಿಂದ, ದುಬಾರಿಯಾದ ಹಿರಿಯ ಆಟಗಾರರನ್ನು ಬಿಟ್ಟುಕೊಟ್ಟು, ಕೆಲವು ವರ್ಷ ಸೋಲನ್ನು ನುಂಗಿಕೊಂಡು, ಎಳೆಯರನ್ನು ಬೆಳೆಸಿ ಮೇಲೇಳುವುದು ಒಂದು ಲೆಕ್ಕಾಚಾರದ ದಾರಿಯಾಯಿತು. ಹ್ಯೂಸ್ಟನ್ ಆಸ್ಟ್ರೋಸ್ ತಂಡವು 2011ರಿಂದ 2013ರವರೆಗಿನ ಮೂರು ಋತುಗಳಲ್ಲಿ ಕ್ರಮವಾಗಿ 106, 107 ಮತ್ತು 111 ಪಂದ್ಯಗಳನ್ನು ಸೋತು, 2017ರಲ್ಲಿ ಆ ಆಟದ ಅತ್ಯುನ್ನತ ಸ್ಪರ್ಧೆಯಾದ ವರ್ಲ್ಡ್ ಸೀರೀಸ್‌ನಲ್ಲಿ ಗೆದ್ದದ್ದು ಇದರ ಎದ್ದು ಕಾಣುವ ನಿದರ್ಶನ. ರಣಜಿ ಟ್ರೋಫಿಯಲ್ಲಿ ಆಡುವ ರಾಜ್ಯ ತಂಡಕ್ಕೆ ಇಂಥ ದಾರಿ ಇಲ್ಲ. ಹೊರರಾಜ್ಯದ ಆಟಗಾರರನ್ನು ಅತಿಥಿಗಳೆಂದು ಮಿತ ಸಂಖ್ಯೆಯಲ್ಲಿ ಸೇರಿಸಿಕೊಳ್ಳುವ ಅವಕಾಶವಿದ್ದರೂ, ಸಾಂಪ್ರದಾಯಿಕವಾಗಿ ಬಲಿಷ್ಠವಾದ ರಾಜ್ಯಗಳು ಅದನ್ನು ಅವಲಂಬಿಸಿದ್ದು ಅಪರೂಪ; ತನ್ನ ಗಡಿಯೊಳಗಿನ ಶಾಲೆ, ಕಾಲೇಜು, ಕ್ಲಬ್ ಮತ್ತು ಜಿಲ್ಲೆಗಳಲ್ಲಿ ಹತ್ತು ವರ್ಷಗಳ ಹಿಂದೆ ಏನನ್ನು ಬಿತ್ತಲಾಗಿತ್ತೋ ಅದರ ಫಸಲನ್ನೇ ಅದು ಕೊಯ್ಯಬೇಕು.

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯು ಸ್ಥಾಪನೆಯಾದದ್ದು 1933ರಲ್ಲಿ. ಮರುವರ್ಷ, 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ನಡೆದ ರಣಜಿ ಟ್ರೋಫಿಯ ಚೊಚ್ಚಲ ಪಂದ್ಯದಲ್ಲಿಯೇ ಮೈಸೂರು ಕಣಕ್ಕಿಳಿಯಿತು, ಎ.ಜಿ. ರಾಮ್ ಸಿಂಗ್ ಅವರ ಎಡಗೈ ಸ್ಪಿನ್‌ಗೆ ಹನ್ನೊಂದು ವಿಕೆಟ್‌ಗಳನ್ನು ಒಪ್ಪಿಸಿ, ಎರಡು ಇನಿಂಗ್ಸ್‌ಗಳಲ್ಲಿ 48 ಮತ್ತು 59 ರನ್‌ಗಳಿಗೆ ಕುಸಿದು, ಒಂದೇ ದಿನದಲ್ಲಿ ಇನಿಂಗ್ಸ್ ಮತ್ತು 23 ರನ್‌ಗಳಿಂದ ಸೋತಿತು. 1941-42ರಲ್ಲಿ ಫೈನಲ್ ತಲುಪಿದಾಗ ಮುಂಬಯಿ ತಂಡವು ಮೈಸೂರನ್ನು ಇನಿಂಗ್ಸ್ ಮತ್ತು 281 ರನ್‌ಗಳಿಂದ ಮಣಿಸಿತು. 1959-60ರ ಫೈನಲ್‌ನಲ್ಲಿಯೂ ಎದುರಾಳಿ ಮುಂಬಯಿಯೇ, ಫಲಿತಾಂಶವೂ ಸೋಲೇ. ಆ ಕಾಲದ ಮೈಸೂರು ತಂಡದ ದೌರ್ಬಲ್ಯವನ್ನು ವಿವರಿಸುವಾಗ ಒಂದು ಭೌಗೋಳಿಕ ಸಂಗತಿಯನ್ನು ಮರೆಯಲಾಗದು. 1956ರ ಏಕೀಕರಣದವರೆಗೆ ಬೆಳಗಾವಿ ಮತ್ತು ಧಾರವಾಡಗಳು ಮುಂಬಯಿ ಪ್ರಾಂತ್ಯದಲ್ಲಿ, ಕಲಬುರಗಿ ಮತ್ತು ರಾಯಚೂರುಗಳು ಹೈದರಾಬಾದ್ ಸಂಸ್ಥಾನದ ಭಾಗದಲ್ಲಿ, ದಕ್ಷಿಣ ಕನ್ನಡವು ಮದರಾಸಿನಲ್ಲಿ ಇದ್ದುದರಿಂದ, ಕನ್ನಡ ನಾಡಿನ ಅರ್ಧಕ್ಕೂ ಹೆಚ್ಚು ಭಾಗದ ಹುಡುಗರಿಗೆ ಮೈಸೂರು ತಂಡವು ತಮ್ಮದಾಗಿರಲಿಲ್ಲ. ಚಿತ್ರದುರ್ಗವು ಹಳೆಯ ಮೈಸೂರಿನೊಳಗೇ ಇದ್ದ ಜಿಲ್ಲೆ. ಆದರೂ ಬೆಂಗಳೂರಿನ ಲೀಗ್ ಕ್ರಿಕೆಟ್ಟಿಗೂ ಈ ಬಯಲುಸೀಮೆಗೂ ನಡುವೆ ಇನ್ನೂರು ಕಿಲೋಮೀಟರಿನ ಅಂತರವಿತ್ತು, ಮತ್ತು ಇಲ್ಲಿನ ಹಳ್ಳಿಗಳಲ್ಲಿ ಯುವಕರ ಮೈಕಸುವನ್ನು ಒರೆಗೆ ಹಚ್ಚುತ್ತಿದ್ದುದು ಗರಡಿಮನೆ, ಕಬಡ್ಡಿ ಮತ್ತು ಕೊಕ್ಕೊ.

ಮೊದಲ ನಿಜವಾದ ಮರುನಿರ್ಮಾಣ ನಡೆದದ್ದು 1960ರ ದಶಕದಲ್ಲಿ, ಹೆಚ್ಚು ಸದ್ದಿಲ್ಲದೆ. ವಿ. ಸುಬ್ರಹ್ಮಣ್ಯ ಅವರಂಥ ನಾಯಕರು ಎಳೆಯರಿಗೆ ಜಾಗ ಮಾಡಿಕೊಟ್ಟ ಆ ವರ್ಷಗಳಲ್ಲಿ ಎರಪಳ್ಳಿ ಪ್ರಸನ್ನ, ಬಿ.ಎಸ್. ಚಂದ್ರಶೇಖರ್, ಸೈಯದ್ ಕಿರ್ಮಾನಿ ಮತ್ತು ಬ್ರಿಜೇಶ್ ಪಟೇಲ್ ಅವರು ಒಬ್ಬರ ಹಿಂದೆ ಒಬ್ಬರಂತೆ ತಂಡದೊಳಗೆ ಬಂದರು. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಅವರು 1967-68ರಲ್ಲಿ ಆಂಧ್ರದ ವಿರುದ್ಧ ತಮ್ಮ ಪ್ರಥಮ ದರ್ಜೆ ಜೀವನದ ಮೊದಲ ಪಂದ್ಯದಲ್ಲಿಯೇ 230 ರನ್ ಗಳಿಸಿದ್ದು ಆ ಬದಲಾವಣೆಯ ಅತ್ಯಂತ ಸ್ಪಷ್ಟವಾದ ಗುರುತು. (ರಾಜ್ಯ ತಂಡಗಳ ಮಟ್ಟದಲ್ಲಿ ಮೂರು ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ನಡೆಯುವ ಪಂದ್ಯಗಳನ್ನು ಪ್ರಥಮ ದರ್ಜೆಯವೆಂದು ಕರೆಯುತ್ತಾರೆ.) ಈ ಪೀಳಿಗೆಯು ಸೇರಿಕೊಂಡ ಮೇಲೂ ಪ್ರಶಸ್ತಿ ಕೂಡಲೇ ಬರಲಿಲ್ಲವೆಂಬುದನ್ನು ಗಮನಿಸಬೇಕು, ಮುಂಬಯಿ ತಂಡವು 1958-59ರಿಂದ 1972-73ರವರೆಗೆ ಸತತ ಹದಿನೈದು ಬಾರಿ ಟ್ರೋಫಿಯನ್ನು ತನ್ನಲ್ಲಿಯೇ ಉಳಿಸಿಕೊಂಡಿತ್ತು.

ಆ ಸರಣಿ ಮುರಿದದ್ದು 1974ರ ಮಾರ್ಚ್ ತಿಂಗಳಲ್ಲಿ, ಬೆಂಗಳೂರಿನಲ್ಲಿ ಆಗಷ್ಟೇ ಕಟ್ಟಲಾಗುತ್ತಿದ್ದ, ಇಂದು ಚಿನ್ನಸ್ವಾಮಿಯವರ ಹೆಸರನ್ನು ಹೊತ್ತಿರುವ ಕ್ರೀಡಾಂಗಣದಲ್ಲಿ ನಡೆದ ಸೆಮಿಫೈನಲ್‌ನಲ್ಲಿ. ರಾಜ್ಯವು ಕರ್ನಾಟಕವೆಂಬ ಹೆಸರನ್ನು ಪಡೆದು ಇನ್ನೂ ಐದು ತಿಂಗಳಾಗಿರಲಿಲ್ಲ. ವಿಶ್ವನಾಥ್ ಅವರ 162 ಮತ್ತು ಬ್ರಿಜೇಶ್ ಪಟೇಲ್ ಅವರ 106 ರನ್‌ಗಳ ನೆರವಿನಿಂದ ಕರ್ನಾಟಕ 385 ರನ್ ಗಳಿಸಿತು. ಪ್ರಸನ್ನ ಅವರ ಎಸೆತವೊಂದು ಸುನಿಲ್ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ್ದು, ಅರ್ಧಶತಕ ದಾಟಿ ನಿಂತಿದ್ದ ಅಜಿತ್ ವಾಡೇಕರ್ ರನ್ನಿಗಾಗಿ ಓಡುವಾಗ ತಿರುಗುವ ಕ್ಷಣದಲ್ಲಿ ಕಾಲು ಜಾರಿ ರನ್‌ಔಟ್ ಆದದ್ದು, ಈ ಎರಡು ಘಟನೆಗಳು ಪಂದ್ಯದ ಗತಿಯನ್ನೇ ಬದಲಿಸಿದವು. ಮುಂಬಯಿ 307ಕ್ಕೆ ಆಲೌಟ್ ಆಯಿತು. ಸಮಯದೊಳಗೆ ಪಂದ್ಯ ಮುಗಿಯದಿದ್ದರೆ ಮೊದಲ ಇನಿಂಗ್ಸ್‌ನಲ್ಲಿ ಹೆಚ್ಚು ರನ್ ಗಳಿಸಿದ ತಂಡವೇ ಮುಂದೆ ಹೋಗುತ್ತದೆಂಬ ರಣಜಿ ನಿಯಮದಂತೆ 78 ರನ್‌ಗಳ ಮುನ್ನಡೆಯು ಕರ್ನಾಟಕವನ್ನು ಫೈನಲ್‌ಗೆ ಒಯ್ದು, ಜೈಪುರದಲ್ಲಿ ರಾಜಸ್ಥಾನವನ್ನು 185 ರನ್‌ಗಳಿಂದ ಸೋಲಿಸಿದ ಪ್ರಸನ್ನ ಅವರ ತಂಡವು ರಾಜ್ಯಕ್ಕೆ ಮೊದಲ ರಣಜಿ ಪ್ರಶಸ್ತಿಯನ್ನು ತಂದಿತು. ಅಲ್ಲಿಂದ 1982-83ರವರೆಗಿನ ಹತ್ತು ಋತುಗಳಲ್ಲಿ ಕರ್ನಾಟಕವು ಆರು ಫೈನಲ್‌ಗಳನ್ನು ಆಡಿ, 1977-78 ಮತ್ತು 1982-83ರ ಗೆಲುವುಗಳೂ ಸೇರಿ ಮೂರನ್ನು ಗೆದ್ದಿತು.

ಆ ದಶಕದ ಯಶಸ್ಸಿನ ಹಿಂದೆ ಇಂದಿನವರಿಗೆ ದೊರೆಯದ ಒಂದು ಅನುಕೂಲವಿತ್ತು. ಭಾರತ ತಂಡದ ಅಂತರರಾಷ್ಟ್ರೀಯ ಪಂದ್ಯಗಳು ವಿರಳವಾಗಿದ್ದುದರಿಂದ ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್, ಕಿರ್ಮಾನಿ ಮೊದಲಾದವರು ರಾಜ್ಯದ ನಿರ್ಣಾಯಕ ಪಂದ್ಯಗಳಿಗೆ ಹೆಚ್ಚಾಗಿ ದೊರೆಯುತ್ತಿದ್ದರು. ಆ ಪೀಳಿಗೆಯವರು ಒಬ್ಬೊಬ್ಬರಾಗಿ ತೆರೆಮರೆಗೆ ಸರಿಯತೊಡಗಿದ ಮೇಲೆ, 1983-84ರಿಂದ 1994-95ರವರೆಗಿನ ಹನ್ನೆರಡು ಋತುಗಳಲ್ಲಿ ಕರ್ನಾಟಕವು ಒಂದು ಫೈನಲನ್ನೂ ಆಡಲಿಲ್ಲ. ಆಗಿನ ಪದ್ಧತಿಯಲ್ಲಿ ದಕ್ಷಿಣ ವಲಯದ ರಾಜ್ಯಗಳು ಮೊದಲು ತಮ್ಮೊಳಗೇ ಸೆಣಸಿ ಮುಂದಿನ ಹಂತಕ್ಕೆ ಹೋಗಬೇಕಾಗಿದ್ದು, ತಮಿಳುನಾಡು ಮತ್ತು ಹೈದರಾಬಾದ್ ಎರಡೂ ಬಲವಾಗಿದ್ದ ಕಾಲ ಅದೆಂಬುದೂ ಈ ಹಿನ್ನಡೆಗೆ ಕಾರಣವಾಗಿತ್ತು.

ಎರಡನೆಯ ಮರುನಿರ್ಮಾಣವನ್ನು ಸಾಮಾನ್ಯವಾಗಿ ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್ ಮತ್ತು ರಾಹುಲ್ ದ್ರಾವಿಡ್ ಅವರ ಹೆಸರಿನಲ್ಲಿ ಬರೆಯಲಾಗುತ್ತದೆ. 1995-96ರಲ್ಲಿ ಕುಂಬ್ಳೆ ನಾಯಕತ್ವದ ಕರ್ನಾಟಕವು ಚೆನ್ನೈನಲ್ಲಿ ತಮಿಳುನಾಡಿನ ವಿರುದ್ಧ ಮೊದಲ ಇನಿಂಗ್ಸ್ ಮುನ್ನಡೆಯ ಆಧಾರದ ಮೇಲೆ ಗೆದ್ದು, 1997-98 ಮತ್ತು 1998-99ರಲ್ಲಿ ಬೆಂಗಳೂರಿನಲ್ಲಿಯೇ ಕ್ರಮವಾಗಿ ಉತ್ತರ ಪ್ರದೇಶ ಮತ್ತು ಮಧ್ಯ ಪ್ರದೇಶಗಳನ್ನು ಸೋಲಿಸಿ, ನಾಲ್ಕು ಋತುಗಳಲ್ಲಿ ಮೂರು ಬಾರಿ ಟ್ರೋಫಿಯನ್ನು ಎತ್ತಿಹಿಡಿದಾಗ ಆ ನಾಲ್ವರ ಪಾಲು ದೊಡ್ಡದೇ ಆಗಿತ್ತು. ಆದರೆ ಭಾರತದ ಪರ ವರ್ಷದ ಬಹುಭಾಗ ಪ್ರವಾಸದಲ್ಲಿರುತ್ತಿದ್ದ ಇವರು ರಾಜ್ಯಕ್ಕೆ ದೊರೆಯುತ್ತಿದ್ದುದು ಋತುವಿನ ತುಣುಕುಗಳಲ್ಲಿ ಮಾತ್ರ. ಉಳಿದ ತಿಂಗಳುಗಳಲ್ಲಿ ಲೀಗ್ ಹಂತವನ್ನು ಹೊತ್ತು ದಾಟಿಸಿದವರು ಬೇರೆಯವರು, ಮತ್ತು ಈ ಬರಹದ ಮುಖ್ಯ ವಾದವೂ ಅವರನ್ನೇ ಆಧರಿಸಿದೆ: ರಾಜ್ಯ ತಂಡವನ್ನು ಮರಳಿ ಕಟ್ಟುವವರು ಭಾರತ ತಂಡದಲ್ಲಿ ನೆಲೆಯೂರಿದವರಲ್ಲ, ಅದರ ಹೊಸ್ತಿಲವರೆಗೆ ಹೋಗಿ ಹಿಂದಿರುಗಿದವರು.

ಗದಗದ ಸುನಿಲ್ ಜೋಶಿ ಅವರನ್ನು ಇದಕ್ಕೆ ಮೊದಲ ಉದಾಹರಣೆಯಾಗಿ ನೋಡಬಹುದು. ಎಳವೆಯಲ್ಲಿ ನಸುಕಿಗೆದ್ದು ಗದಗದಿಂದ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ, ಶಾಲೆಯ ವೇಳೆಗೆ ಮರಳುತ್ತಿದ್ದ ಈ ಎಡಗೈ ಸ್ಪಿನ್ನರ್, 1995-96ರ ಒಂದೇ ರಣಜಿ ಋತುವಿನಲ್ಲಿ ಐನೂರಕ್ಕೂ ಹೆಚ್ಚು ರನ್ ಮತ್ತು ಐವತ್ತಕ್ಕೂ ಹೆಚ್ಚು ವಿಕೆಟ್‌ಗಳ ಅಪರೂಪದ ಜೋಡಿಯನ್ನು ಸಾಧಿಸಿದರು. ಭಾರತದ ಪರ ಅವರು ಆಡಿದ್ದು 15 ಟೆಸ್ಟ್, ಆದರೆ ಪ್ರಥಮ ದರ್ಜೆಯಲ್ಲಿ ಅವರ ವಿಕೆಟ್‌ಗಳ ಸಂಖ್ಯೆ 615. ವೇಗದ ಬೌಲರ್ ದೊಡ್ಡ ಗಣೇಶ್ ನಾಲ್ಕೇ ಟೆಸ್ಟ್ ಆಡಿ ಪ್ರಥಮ ದರ್ಜೆಯಲ್ಲಿ 365 ವಿಕೆಟ್ ಪಡೆದರು. 1998-99ರ ಋತುವಿನಲ್ಲಿ ಸಾವಿರಕ್ಕೂ ಮಿಕ್ಕಿ ರನ್ ಗಳಿಸಿದ ವಿಜಯ್ ಭಾರದ್ವಾಜ್ ಅವರ ಆಟವಂತೂ ಇಡೀ ಋತುವನ್ನೇ ರೂಪಿಸಿತು. ಆ ವರ್ಷದ ಫೈನಲ್‌ನಲ್ಲಿ ಕರ್ನಾಟಕದ 304 ರನ್‌ಗಳಿಗೆ ಉತ್ತರವಾಗಿ 379 ಗಳಿಸಿ ಮುನ್ನಡೆ ಪಡೆದಿದ್ದ ಮಧ್ಯ ಪ್ರದೇಶಕ್ಕೆ ಕೊನೆಯ ದಿನ ಪಂದ್ಯವನ್ನು ಡ್ರಾ ಮಾಡಿಕೊಂಡರೂ ಸಾಕಿತ್ತು, ಟ್ರೋಫಿ ಅದರದೇ ಆಗುತ್ತಿತ್ತು. ಆಗ ಭಾರದ್ವಾಜ್ ತಮ್ಮ ಆಫ್ ಸ್ಪಿನ್‌ನಿಂದ 24 ರನ್‌ಗಳಿಗೆ ಆರು ವಿಕೆಟ್ ಕಿತ್ತು ಎದುರಾಳಿಯನ್ನು 150ಕ್ಕೆ ಮುಗಿಸಿ, 96 ರನ್‌ಗಳ ಗೆಲುವನ್ನು ತಂದುಕೊಟ್ಟರು. ಅವರ ಪಾಲಿಗೆ ಬಂದ ಟೆಸ್ಟ್ ಪಂದ್ಯಗಳು ಮೂರು.

ಆ ದಿನ ಸೋತ ಮಧ್ಯ ಪ್ರದೇಶದ ನಾಯಕ ಚಂದ್ರಕಾಂತ ಪಂಡಿತ್ ಅವರ ಹೆಸರು ಕರ್ನಾಟಕದ ಕಥೆಯಲ್ಲಿ ಮತ್ತೆರಡು ಬಾರಿ ಬರುತ್ತದೆ. 2017-18ರ ಸೆಮಿಫೈನಲ್‌ನಲ್ಲಿ ಕರ್ನಾಟಕವನ್ನು ಐದೇ ರನ್‌ಗಳಿಂದ ಸೋಲಿಸಿ, ಆ ಬಳಿಕ ತನ್ನ ಮೊದಲ ಪ್ರಶಸ್ತಿಯನ್ನು ಗೆದ್ದ ವಿದರ್ಭಕ್ಕೆ ಅವರು ತರಬೇತುದಾರರಾಗಿದ್ದರು. 2022ರಲ್ಲಿ ಅದೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮುಂಬಯಿಯನ್ನು ಸೋಲಿಸಿ ಮಧ್ಯ ಪ್ರದೇಶ ಮೊದಲ ಬಾರಿಗೆ ಟ್ರೋಫಿ ಗೆದ್ದಾಗಲೂ ತರಬೇತುದಾರರು ಅವರೇ. ಹೆಸರಾಂತ ಆಟಗಾರರು ಕಡಿಮೆಯಿರುವ ರಾಜ್ಯಗಳಲ್ಲಿ, ಪ್ರತಿ ಪಂದ್ಯಕ್ಕೂ ದೊರೆಯುವ ಹನ್ನೊಂದು ಜನರನ್ನು ನೆಚ್ಚಿಕೊಂಡು ಅವರು ಕಟ್ಟಿದ ತಂಡಗಳು ಮೇಲಿನ ವಾದಕ್ಕೆ ಹೊರಗಿನಿಂದ ದೊರೆಯುವ ಪುಷ್ಟಿಯಾಗಿವೆ.

1999-2000ದಿಂದ 2008-09ರವರೆಗಿನ ಹತ್ತು ಋತುಗಳಲ್ಲಿ ಕರ್ನಾಟಕ ಮತ್ತೆ ಫೈನಲ್ ಕಾಣಲಿಲ್ಲ. ಈ ಅವಧಿಯ ಮಧ್ಯಭಾಗದಲ್ಲಿ, 2004-05ರಲ್ಲಿ, ದಾವಣಗೆರೆಯ ವಿನಯ್ ಕುಮಾರ್ ರಾಜ್ಯ ತಂಡಕ್ಕೆ ಬಂದರು. ಅವರು ಅತಿ ವೇಗದ ಬೌಲರ್ ಆಗಿರಲಿಲ್ಲ. ಚೆಂಡಿನ ಹೊಲಿಗೆಯ ಸಾಲನ್ನು, ಎಂದರೆ ಸೀಮನ್ನು, ನೆಟ್ಟಗೆ ಹಿಡಿದು, ಗಾಳಿಯಲ್ಲಿ ಚೆಂಡು ಬಾಗುವಂತೆ ಮಾಡುವ ಸ್ವಿಂಗ್ ಮತ್ತು ದಿನವಿಡೀ ಒಂದೇ ಜಾಗಕ್ಕೆ ಚೆಂಡನ್ನು ಹಾಕುವ ಸಂಯಮ ಅವರ ಬಂಡವಾಳವಾಗಿತ್ತು. ಇಂಥ ಕೌಶಲ್ಯವನ್ನು ಜಿಲ್ಲಾ ಊರುಗಳಲ್ಲಿ ಕಲಿಯುವುದು ಎಷ್ಟು ಕಷ್ಟವೆಂಬುದನ್ನು ನಗರದ ಓದುಗರು ಊಹಿಸುವುದು ಸುಲಭವಲ್ಲ. ಬಯಲುಸೀಮೆಯ ಹಳ್ಳಿ-ಪಟ್ಟಣಗಳಲ್ಲಿ ಕ್ರಿಕೆಟ್ ಎಂದರೆ ಇಂದಿಗೂ ಬಹುಮಟ್ಟಿಗೆ ಟೆನಿಸ್ ಬಾಲ್ ಕ್ರಿಕೆಟ್. ಟೆನಿಸ್ ಚೆಂಡಿಗೆ ಹೊಲಿಗೆಯ ಸಾಲಿಲ್ಲ, ಹೊಳಪು ಕಾಯ್ದುಕೊಳ್ಳಲು ಒಂದು ಬದಿಯಿಲ್ಲ. ಸುಮಾರು 160 ಗ್ರಾಂ ತೂಗುವ ಲೆದರ್ ಚೆಂಡಿನಲ್ಲಿ ಬೌಲ್ ಮಾಡಲು ಸಮತಟ್ಟಾದ ಪಿಚ್ ಅಥವಾ ಬಿಗಿಯಾಗಿ ಹಾಸಿದ ಮ್ಯಾಟ್ ಬೇಕು, ಪ್ಯಾಡು, ಗ್ಲೌಸುಗಳು ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಎದುರು ನಿಂತು ಆಡಬಲ್ಲ ಒಳ್ಳೆಯ ಬ್ಯಾಟರ್‌ಗಳು ಬೇಕು. ಆರು ಅಥವಾ ಎಂಟು ಓವರಿನ ಟೆನಿಸ್ ಬಾಲ್ ಪಂದ್ಯಾವಳಿಗಳಲ್ಲಿ ಹೊಡೆತದ ಶಕ್ತಿ ಬೆಳೆಯುತ್ತದೆ, ಕಣ್ಣಳತೆ ಚುರುಕಾಗುತ್ತದೆ; ಒಂದು ದಿನಕ್ಕೆ ಇಪ್ಪತ್ತು ಓವರ್ ಹಾಕುವ ತಾಳ್ಮೆ ಅಲ್ಲಿ ಬೆಳೆಯಲಾರದು. ಆ ನೆಲದಿಂದ ಬಂದ ಒಬ್ಬರು ಲೆದರ್ ಚೆಂಡಿನ ಅತ್ಯಂತ ಸೂಕ್ಷ್ಮವಾದ ವಿದ್ಯೆಯಲ್ಲಿ ಪಳಗಿ ರಾಜ್ಯದ ಮುಂದಾಳಾದದ್ದು ಹಳೆಯ ಚಿತ್ರದುರ್ಗ ಜಿಲ್ಲೆಯ ಪಾಲಿಗೆ ನಿಜಕ್ಕೂ ಹೆಮ್ಮೆಯ ವಿಷಯ, ಮತ್ತು ಅದನ್ನು ಸ್ಥಳೀಯ ಅಭಿಮಾನದ ಮಾತೆಂದು ತಳ್ಳಿಹಾಕದೆ ಕ್ರೀಡಾ ಇತಿಹಾಸದ ಭಾಗವಾಗಿ ದಾಖಲಿಸಬೇಕು.

ಮೂರನೆಯ ಮರುನಿರ್ಮಾಣದ ತಿರುವು 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಕಾಣಿಸಿತು. ರಾಬಿನ್ ಉತ್ತಪ್ಪ ನಾಯಕತ್ವದ ಎಳೆಯ ತಂಡವು ಫೈನಲ್‌ನ ಮೊದಲ ಇನಿಂಗ್ಸ್‌ನಲ್ಲಿ ಮುಂಬಯಿಯ 233ಕ್ಕೆ ಎದುರಾಗಿ 130 ರನ್‌ಗಳಿಗೆ ಕುಸಿದಾಗ ಪಂದ್ಯ ಮುಗಿದಂತೆಯೇ ತೋರಿತ್ತು. ಮುಂಬಯಿಯನ್ನು ಎರಡನೆಯ ಬಾರಿ 234ಕ್ಕೆ ಕಟ್ಟಿಹಾಕಿ, ಗೆಲ್ಲಲು ಬೇಕಾದ 338ರ ಬೆನ್ನು ಹತ್ತಿದ ಕರ್ನಾಟಕವು ಮನೀಶ್ ಪಾಂಡೆ ಅವರ 144 ರನ್‌ಗಳ ಬಲದಿಂದ ಗುರಿಯ ಸನಿಹಕ್ಕೆ ಬಂದು, 331ಕ್ಕೆ ಆಲೌಟ್ ಆಗಿ, ಆರು ರನ್‌ಗಳಿಂದ ಸೋತಿತು. ವಿಶ್ವವಿದ್ಯಾನಿಲಯದ ಆ ಮೈದಾನಕ್ಕೆ ಕಿಕ್ಕಿರಿದು ಬಂದ ಜನ, ಬೆಂಗಳೂರಿನ ಹೊರಗೆ ರಣಜಿ ಪಂದ್ಯಕ್ಕೆ ಎಂಥ ಹಸಿವಿದೆಯೆಂಬುದನ್ನು ಆಡಳಿತಗಾರರಿಗೆ ತೋರಿಸಿಕೊಟ್ಟರು. ಅದೇ ಋತುವಿನ ಆರಂಭದಲ್ಲಿ ಅಭಿಮನ್ಯು ಮಿಥುನ್ ಉತ್ತರ ಪ್ರದೇಶದ ವಿರುದ್ಧ ತಮ್ಮ ಮೊದಲ ಪಂದ್ಯದಲ್ಲಿಯೇ ಹ್ಯಾಟ್ರಿಕ್ ಸಹಿತ ಹನ್ನೊಂದು ವಿಕೆಟ್ ಪಡೆದಿದ್ದರು. ವಿನಯ್, ಮಿಥುನ್ ಮತ್ತು ಎಡಗೈ ವೇಗಿ ಎಸ್. ಅರವಿಂದ್, ಈ ಮೂವರ ಬೌಲಿಂಗ್ ಮುಂದಿನ ಐದಾರು ವರ್ಷಗಳ ಅಡಿಗಲ್ಲಾಯಿತು.

ಅಡಿಗಲ್ಲು ಬಿದ್ದ ಮೇಲೂ ಮೂರು ವರ್ಷ ಫಲ ದೊರೆಯಲಿಲ್ಲ. 2010-11ರ ಸೆಮಿಫೈನಲ್‌ನಲ್ಲಿ ಬರೋಡಕ್ಕೆ, 2011-12ರ ಕ್ವಾರ್ಟರ್‌ಫೈನಲ್‌ನಲ್ಲಿ ಹರಿಯಾಣಕ್ಕೆ, 2012-13ರಲ್ಲಿ ಮತ್ತೆ ಅದೇ ಹಂತದಲ್ಲಿ ಸೌರಾಷ್ಟ್ರಕ್ಕೆ ಶರಣಾದ ತಂಡವನ್ನು ಕಂಡವರಿಗೆ, 2013ರ ಮಳೆಗಾಲದಲ್ಲಿ ಮುಂದಿನ ಋತುವಿನ ಬಗ್ಗೆ ದೊಡ್ಡ ಭರವಸೆ ಇಟ್ಟುಕೊಳ್ಳಲು ಕಾರಣಗಳಿರಲಿಲ್ಲ. ದ್ರಾವಿಡ್ ಮತ್ತು ಕುಂಬ್ಳೆ ನಿವೃತ್ತರಾಗಿದ್ದರು, ಕೆ.ಎಲ್. ರಾಹುಲ್ ಮತ್ತು ಕರುಣ್ ನಾಯರ್ ಇನ್ನೂ ತಮ್ಮನ್ನು ತಾವು ನಿರೂಪಿಸಿಕೊಳ್ಳಬೇಕಾದ ಹುಡುಗರು. ಆದರೆ ಬೌಲರ್‌ಗಳು ಒಟ್ಟಿಗೆ ಮಾಗಿದ್ದರು, ತರಬೇತುದಾರರಾಗಿ ಬಂದ ಜೆ. ಅರುಣ್ ಕುಮಾರ್ ಅವರು 1990ರ ದಶಕದ ಗೆಲುವುಗಳಲ್ಲಿ ತಾವೇ ಆಡಿದವರಾಗಿದ್ದರು. ರಾಹುಲ್ ಆ ಋತುವಿನಲ್ಲಿ 1,033 ರನ್ ಗಳಿಸಿದರು. ಹೈದರಾಬಾದಿನ ಫೈನಲ್‌ನಲ್ಲಿ ಮಹಾರಾಷ್ಟ್ರವನ್ನು ಏಳು ವಿಕೆಟ್‌ಗಳಿಂದ ಸೋಲಿಸಿ ಕರ್ನಾಟಕ ಏಳನೆಯ ಪ್ರಶಸ್ತಿಯನ್ನು ಪಡೆಯಿತು.

ಮರುವರ್ಷದ ಗೆಲುವು ಇನ್ನೂ ಅಧಿಕಾರಯುತವಾದದ್ದು. 2015ರ ಜನವರಿಯಲ್ಲಿ ಉತ್ತರ ಪ್ರದೇಶದ ವಿರುದ್ಧ ರಾಹುಲ್ ಗಳಿಸಿದ 337, ರಾಜ್ಯದ ಪರ ಯಾವುದೇ ಬ್ಯಾಟರ್ ಗಳಿಸಿದ ಮೊದಲ ತ್ರಿಶತಕವಾಗಿತ್ತು. ಮಾರ್ಚ್‌ನಲ್ಲಿ ಮುಂಬಯಿಯ ವಾಂಖೆಡೆಯಲ್ಲಿ ತಮಿಳುನಾಡಿನ ವಿರುದ್ಧದ ಫೈನಲ್‌ನಲ್ಲಿ ವಿನಯ್ 34 ರನ್‌ಗಳಿಗೆ ಐದು ವಿಕೆಟ್ ಪಡೆದು ಎದುರಾಳಿಯನ್ನು 134ಕ್ಕೆ ಕೆಡವಿದರು. ಕರ್ನಾಟಕವೂ 84ಕ್ಕೆ ಐದು ವಿಕೆಟ್ ಕಳೆದುಕೊಂಡು ತತ್ತರಿಸಿದ್ದಾಗ ಜೊತೆಗೂಡಿದ ಕರುಣ್ ನಾಯರ್ ಮತ್ತು ರಾಹುಲ್ ಆರನೆಯ ವಿಕೆಟಿಗೆ 386 ರನ್ ಸೇರಿಸಿದರು. ಕರುಣ್ ಅವರ 328, ರಣಜಿ ಫೈನಲ್‌ಗಳಲ್ಲಿ 1946-47ರಿಂದ ಉಳಿದುಬಂದಿದ್ದ ಗುಲ್ ಮಹಮ್ಮದ್ ಅವರ 319ರ ದಾಖಲೆಯನ್ನು ಮುರಿಯಿತು. ಕೆಳ ಕ್ರಮಾಂಕದಲ್ಲಿ ಬಂದ ನಾಯಕ ತಾವೂ ಅಜೇಯ 105 ಗಳಿಸಿ ಮೊತ್ತವನ್ನು 762ಕ್ಕೆ ಒಯ್ದರು. ಗೆಲುವು ಇನಿಂಗ್ಸ್ ಮತ್ತು 217 ರನ್‌ಗಳದು. ಆ ಎರಡೂ ಋತುಗಳಲ್ಲಿ ರಣಜಿಯ ಜೊತೆಗೆ ಇರಾನಿ ಕಪ್ ಮತ್ತು ಒಂದು ದಿನದ ಪಂದ್ಯಗಳ ವಿಜಯ್ ಹಜಾರೆ ಟ್ರೋಫಿಗಳೂ ಕರ್ನಾಟಕಕ್ಕೇ ಸಂದವು. ಅಷ್ಟನ್ನು ಮುನ್ನಡೆಸಿದ ವಿನಯ್ ಕುಮಾರ್ ಭಾರತದ ಪರ ಆಡಿದ ಟೆಸ್ಟ್ ಒಂದೇ, 2012ರ ಜನವರಿಯಲ್ಲಿ ಪರ್ತ್‌ನಲ್ಲಿ. ಪ್ರಥಮ ದರ್ಜೆಯಲ್ಲಿ ಅವರು ಪಡೆದ ವಿಕೆಟ್‌ಗಳು 504. ರಾಷ್ಟ್ರೀಯ ಆಯ್ಕೆಗಾರರು ಅವರಿಗೆ ಮತ್ತೆ ಅವಕಾಶ ಕೊಡದೆ ಹೋದದ್ದು ಆಟಗಾರನಿಗೆ ನೋವಿನ ಸಂಗತಿಯಾಗಿರಬಹುದು, ಕರ್ನಾಟಕಕ್ಕೆ ಮಾತ್ರ ಅದು ವರವಾಯಿತು.

ನಂತರದ ದಶಕದ ಕಥೆ ಬ್ಯಾಟಿಂಗ್‌ನಲ್ಲಿ ಶ್ರೀಮಂತವಾದದ್ದು, ಫಲಿತಾಂಶದಲ್ಲಿ ಬಡವಾದದ್ದು. 2017ರ ಡಿಸೆಂಬರಿನಲ್ಲಿ ಕೋಲ್ಕತ್ತದ ಸೆಮಿಫೈನಲ್‌ನಲ್ಲಿ ವಿದರ್ಭದ ವಿರುದ್ಧ 198ರ ಗುರಿಯೆದುರು 192ಕ್ಕೆ ನಿಂತದ್ದು, 2018-19ರಲ್ಲಿ ಬೆಂಗಳೂರಿನಲ್ಲಿ ಸೌರಾಷ್ಟ್ರಕ್ಕೆ, 2019-20ರಲ್ಲಿ ಕೋಲ್ಕತ್ತದಲ್ಲಿ ಬಂಗಾಳಕ್ಕೆ ಸೋತದ್ದು, ಹೀಗೆ ಸತತ ಮೂರು ಸೆಮಿಫೈನಲ್‌ಗಳು ಕೈತಪ್ಪಿದವು. 2022-23ರಲ್ಲಿ ಮಯಂಕ್ ಅಗರವಾಲ್ 990 ರನ್ ಗಳಿಸಿಯೂ, ಸೆಮಿಫೈನಲ್‌ನಲ್ಲಿ ತಾವೇ 249 ಬಾರಿಸಿಯೂ, ತಂಡ ಮತ್ತೆ ಸೌರಾಷ್ಟ್ರದೆದುರು ಮಣಿಯಿತು. 2024-25ರಲ್ಲಿ ಗುಂಪಿನ ಹಂತದಲ್ಲಿಯೇ ಹೊರಬಿದ್ದಿತು. ಅದೇ ಋತುವಿನಲ್ಲಿ ವಿದರ್ಭಕ್ಕೆ ವಲಸೆ ಹೋಗಿದ್ದ ಕರುಣ್ ನಾಯರ್ 863 ರನ್ ಗಳಿಸಿ ಆ ರಾಜ್ಯವನ್ನು ಚಾಂಪಿಯನ್ ಮಾಡಿದ್ದು ಕರ್ನಾಟಕದ ಅಭಿಮಾನಿಗಳಿಗೆ ಬಹುಕಾಲ ಕೊರೆಯುವ ನೆನಪು. ಒಂದು ರಾಜ್ಯವು ಬಿಟ್ಟುಕೊಟ್ಟ ಆಟಗಾರ ಮತ್ತೊಂದು ರಾಜ್ಯದ ಕಟ್ಟಡಕ್ಕೆ ಕಂಬವಾಗುವುದು ಹೊಸದಲ್ಲ. 2013-14ರ ಫೈನಲ್‌ನಲ್ಲಿ ಶತಕ ಗಳಿಸಿದ್ದ ಗಣೇಶ್ ಸತೀಶ್ ಕೂಡ ವಿದರ್ಭಕ್ಕೆ ಹೋಗಿ ಅದರ ಮೊದಲ ಪ್ರಶಸ್ತಿಯಲ್ಲಿ ಪಾಲುದಾರರಾಗಿದ್ದರು.

ಈ ಸೋಲುಗಳಿಗೆ ಬ್ಯಾಟಿಂಗ್ ಕಾರಣವೆಂದು ಹೇಳುವುದು ಸುಲಭವಾದರೂ, ಮೂರು ಮರುನಿರ್ಮಾಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಬೇರೊಂದು ಸತ್ಯ ತೋರುತ್ತದೆ. ಪ್ರಸನ್ನ ಮತ್ತು ಚಂದ್ರಶೇಖರ್, ಆಮೇಲೆ ಜೋಶಿ ಮತ್ತು ಗಣೇಶ್, ಅನಂತರ ವಿನಯ್, ಮಿಥುನ್ ಮತ್ತು ಅರವಿಂದ್: ಕರ್ನಾಟಕ ಗೆದ್ದಾಗಲೆಲ್ಲ ಎದುರಾಳಿಯ ಇಪ್ಪತ್ತು ವಿಕೆಟ್ ತೆಗೆಯಬಲ್ಲ, ಮತ್ತು ವರ್ಷಗಟ್ಟಲೆ ಒಟ್ಟಿಗೆ ಆಡಿದ ಬೌಲರ್‌ಗಳು ಅದಕ್ಕಿದ್ದರು. ಗೆಲುವಿಗೆ ಆರು ಅಂಕ, ಡ್ರಾ ಆದ ಪಂದ್ಯದಲ್ಲಿ ಮೊದಲ ಇನಿಂಗ್ಸ್ ಮುನ್ನಡೆಗೆ ಮೂರೇ ಅಂಕ ಎಂಬ ಇಂದಿನ ನಿಯಮವು ಅಂಥ ಬೌಲರ್‌ಗಳ ಬೆಲೆಯನ್ನು ಇನ್ನಷ್ಟು ಹೆಚ್ಚಿಸಿದೆ. ಈಚಿನ ವರ್ಷಗಳಲ್ಲಿ ಪ್ರಸಿದ್ಧ ಕೃಷ್ಣ ಭಾರತ ತಂಡದ ಕರೆಗಳ ನಡುವೆ ಅಪರೂಪಕ್ಕೆ ಮಾತ್ರ ದೊರೆಯುತ್ತಾರೆ. 2023ರ ದುಲೀಪ್ ಟ್ರೋಫಿ ಫೈನಲ್‌ನಲ್ಲಿ ದಕ್ಷಿಣ ವಲಯದ ಪರ 53 ರನ್‌ಗಳಿಗೆ ಏಳು ವಿಕೆಟ್ ಪಡೆದ ಕೊಡಗಿನ ವಿದ್ವತ್ ಕಾವೇರಪ್ಪ, ಜೊತೆಗೆ ವಿ. ಕೌಶಿಕ್ ಮತ್ತು ವಿಜಯಕುಮಾರ್ ವೈಶಾಖ್, ಎಲ್ಲರೂ ಸಮರ್ಥರೇ. ಆದರೂ ಅವರಲ್ಲಿ ಮೂವರು ಐದು ಋತುಗಳ ಕಾಲ ಒಂದೇ ತಂಡದಲ್ಲಿ ಒಟ್ಟಿಗೆ ಮಾಗುವ ಅವಕಾಶ ಇನ್ನೂ ಒದಗಿಲ್ಲ.

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯು ಬೆಂಗಳೂರಿನ ಹೊರಗಿನ ಜಿಲ್ಲೆಗಳನ್ನು ವಲಯಗಳಾಗಿ ವಿಂಗಡಿಸಿದ್ದು, ಚಿತ್ರದುರ್ಗ ಮತ್ತು ದಾವಣಗೆರೆಗಳು ತುಮಕೂರು ವಲಯಕ್ಕೆ ಸೇರುತ್ತವೆ. ಹಿರೇಗುಂಟನೂರು ಹೋಬಳಿಯ ಹುಡುಗನೊಬ್ಬ ರಾಜ್ಯ ತಂಡವನ್ನು ಸೇರಬೇಕಾದರೆ ಮೊದಲು ಲೆದರ್ ಚೆಂಡು ಆಡುವ ಕ್ಲಬ್ಬೊಂದನ್ನು ಜಿಲ್ಲಾ ಕೇಂದ್ರದಲ್ಲಿ ಹುಡುಕಿಕೊಂಡು, ಅಲ್ಲಿಂದ ವಲಯ ತಂಡಕ್ಕೆ ಆಯ್ಕೆಯಾಗಿ, ವಯೋಮಿತಿಯ ಅಂತರ ವಲಯ ಪಂದ್ಯಗಳಲ್ಲಿ ಗಮನ ಸೆಳೆದು, ಕೊನೆಗೆ ಬೆಂಗಳೂರಿನ ಡಿವಿಷನ್ ಲೀಗ್‌ನ ಕ್ಲಬ್ ಒಂದರಲ್ಲಿ ನೆಲೆ ಕಂಡುಕೊಳ್ಳಬೇಕು. ಹುಬ್ಬಳ್ಳಿಯ ರಾಜನಗರ, ಶಿವಮೊಗ್ಗದ ನವುಲೆ, ಬೆಳಗಾವಿಯ ಆಟೋನಗರಗಳಲ್ಲಿ ಸಂಸ್ಥೆಯು ಹುಲ್ಲಿನ ಪಿಚ್‌ಗಳಿರುವ ಮೈದಾನಗಳನ್ನು ಕಟ್ಟಿದ್ದು ಆ ಭಾಗಗಳ ಎಳೆಯರಿಗೆ ದಾರಿಯನ್ನು ಎಷ್ಟೋ ಸುಗಮಗೊಳಿಸಿದೆ. ಬೆಂಗಳೂರಿಗೂ ಹುಬ್ಬಳ್ಳಿಗೂ ನಡುವೆ ಹೆದ್ದಾರಿಯ ಮೇಲೆಯೇ ಇರುವ ಹಿರಿಯೂರು-ಚಿತ್ರದುರ್ಗದ ಪಟ್ಟಿಯಲ್ಲಿ ಅಂಥದೊಂದು ಮೈದಾನ ಆಗಬೇಕಾದುದು ನ್ಯಾಯ. ಮೂರನೆಯ ಮರುನಿರ್ಮಾಣದ ನಾಯಕನನ್ನು ಕೊಟ್ಟ ಸೀಮೆಯ ಈ ಕೋರಿಕೆಯನ್ನು ಅತಿಯಾಸೆ ಎನ್ನಲಾಗದು.

2025ರ ಜನವರಿಯಲ್ಲಿ ವಡೋದರದಲ್ಲಿ ವಿದರ್ಭವನ್ನು 36 ರನ್‌ಗಳಿಂದ ಸೋಲಿಸಿ ಮಯಂಕ್ ಅವರ ತಂಡ ಐದನೆಯ ಬಾರಿ ವಿಜಯ್ ಹಜಾರೆ ಟ್ರೋಫಿ ಗೆದ್ದಾಗ ಶತಕ ಬಾರಿಸಿದ ಆರ್. ಸ್ಮರಣ್ ಹೊಸ ಪೀಳಿಗೆಯ ಬ್ಯಾಟಿಂಗ್ ಭರವಸೆ. ಆ ವರ್ಷವೇ ಕರುಣ್ ನಾಯರ್ ಕರ್ನಾಟಕಕ್ಕೆ ಮರಳಿದರು. ಪ್ರತಿ ರಣಜಿ ಋತುವಿಗೆ ಮುನ್ನ, ಮಳೆಗಾಲದ ಕೊನೆಯ ವಾರಗಳಲ್ಲಿ, ಬೆಂಗಳೂರಿನ ಹೊರವಲಯದ ಆಲೂರು ಮೊದಲಾದ ಮೈದಾನಗಳಲ್ಲಿ ಕ್ಯಾಪ್ಟನ್ ಕೆ. ತಿಮ್ಮಪ್ಪಯ್ಯ ಸ್ಮಾರಕ ಪಂದ್ಯಾವಳಿ ನಡೆಯುತ್ತದೆ. ಹೊರರಾಜ್ಯಗಳ ಆಹ್ವಾನಿತ ತಂಡಗಳೆದುರು ರಾಜ್ಯ ಸಂಸ್ಥೆಯೂ ಒಂದಕ್ಕಿಂತ ಹೆಚ್ಚು ತಂಡಗಳನ್ನು ಇಳಿಸುವುದರಿಂದ, ಹಿರಿಯರ ಜೊತೆಗೆ ಹತ್ತಾರು ಹೊಸಬರಿಗೂ ಅಲ್ಲಿ ಬಹುದಿನಗಳ ಪಂದ್ಯದ ಪರೀಕ್ಷೆ ದೊರೆಯುತ್ತದೆ. ಮುಂದಿನ ಋತುವಿನ ಕರ್ನಾಟಕವನ್ನು ಅಳೆಯಬಯಸುವವರು ಅಲ್ಲಿ ಶತಕಗಳ ಪಟ್ಟಿಯನ್ನು ಬದಿಗಿಟ್ಟು, ಮೂರನೆಯ ದಿನದ ಮಧ್ಯಾಹ್ನ ಹಳೆಯ ಚೆಂಡಿನಲ್ಲಿ ಮೂರನೆಯ ಸ್ಪೆಲ್ ಹಾಕಲು ಬರುವ ಬೌಲರ್ ಯಾರು, ಅವನು ಭಾರತ ತಂಡದ ಕರೆಗೆ ಸಿಗದೆ ಮುಂದಿನ ಐದು ವರ್ಷ ರಾಜ್ಯಕ್ಕೆ ಉಳಿಯಬಲ್ಲನೇ ಎಂಬುದನ್ನು ಮೊದಲು ನೋಡಬೇಕಾಗುತ್ತದೆ.